ಪದ ಬೇಕು: ‘ಚೈಲ್ಡ್‌ಪ್ರೂಫ್’ (ನಾಳೆ ಮಧ್ಯಾಹ್ನದೊಳಗೆ)

ಎಲ್ಲರಿಗೂ ನಮಸ್ಕಾರ. ಪುಟ್ಟ ಮಕ್ಕಳಿರುವ ಮನೆಗಳಿಗೆ ಹಂಚುವ ಕರಪತ್ರವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಕೊಡಬೇಕು, ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಮನೆಯನ್ನು ‘ಚೈಲ್ಡ್‌ಪ್ರೂಫ್’ ಮಾಡುವುದಕ್ಕೆ ಏನನ್ನೋಣ? ಒಳಪುಟಗಳಲ್ಲಿ ಅದೇ ಪದ ಔಷಧಿ ಸೀಸೆಯ ಮುಚ್ಚಳಕ್ಕೂ ಬಂದಿದೆ. ಜಲನಿರೋಧಕ, ಅಗ್ನಿನಿರೋಧಕ ಇದ್ದ ಹಾಗೆ ‘ಶಿಶುನಿರೋಧಕ’ ಎಂದು ಬರೆದೆ, ಮನಸ್ಸು ಒಪ್ಪಲಿಲ್ಲ. ‘ಮಗುಸ್ನೇಹಿ’ ಆದೀತೇ?

* * *

> ‘ಮಗುಸ್ನೇಹಿ’ ಆದೀತೇ?

ಆಗದು. ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಬೇಡವೆಂದದ್ದು. ‘ಶಿಶುನಿರೋಧಕ’ ಸಮಾಸವಾಗಿ ಸರಿ, ಅರ್ಥದಲ್ಲಿ ತಪ್ಪು. ಜಲನಿರೋಧಕ ನೀರನ್ನು ತಡೆಯುತ್ತದೆ, ಇದು ಶಿಶುವನ್ನೇ ತಡೆಯುತ್ತದೆ. ಕುಟುಂಬ ಯೋಜನೆಯ ಪದವಾಗಿಬಿಡುತ್ತದೆ. ‘ಶಿಶುಸುರಕ್ಷಿತ’ ಎಂದು ಹಾಕಿ. ಮುಗಿಯಿತು.

* * *

ಮುಗಿಯಲಿಲ್ಲ. ಕನ್ನಡದಲ್ಲಿ ‘ಕಾಯ್’ ಇರುವಾಗ ಸುರಕ್ಷಿತ ಏಕೆ? ಕಾಪು, ಕಾವಲು, ಕಾಪಾಡು ಎಲ್ಲ ಅದರದೇ ಕುಡಿಗಳು, ತಮಿಳಿನ ಕಾಪ್ಪು ಕೂಡ. ಹಳಗನ್ನಡದಲ್ಲಿ ಮೆಯ್ಗಾಪು (ಮೈಗಾವಲು) ಇದೆ. ಅದೇ ದಾರಿಯಲ್ಲಿ ‘ಕೂಸುಗಾಪು’. ಮನೆಗೂ ಹೊಂದುತ್ತದೆ, ಮುಚ್ಚಳಕ್ಕೂ ಹೊಂದುತ್ತದೆ. ಅರಿಸಮಾಸದ ಮಾತು ಬಿಡಿ, ಬಿರುದುಗಳಲ್ಲಿ ಅದನ್ನು ಕೇಶಿರಾಜನೇ ಒಪ್ಪಿದ್ದಾನೆ.

* * *

ಕರಪತ್ರ ಬಿರುದಾವಳಿಯಲ್ಲ. ಕೂಸುಗಾಪು ಯಾರಿಗೂ ತಿಳಿಯದು.

* * *

ಇಬ್ಬರೂ ನಾಮಪದದ ಬೆನ್ನು ಹತ್ತಿದ್ದೀರಿ. ಸ್ವಲ್ಪ ವಸ್ತುವನ್ನು ನೋಡೋಣ.

ಔಷಧಿಯ ಒತ್ತಿ ತಿರುಗಿಸುವ ಮುಚ್ಚಳಕ್ಕೆ ಐಎಸ್‌ಒ 8317 ಎಂಬ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಿದೆ. 42ರಿಂದ 51 ತಿಂಗಳ ಮಕ್ಕಳ ಕೈಗೆ ಸೀಸೆ ಕೊಟ್ಟು 5 ನಿಮಿಷ ಬಿಡುತ್ತಾರೆ. ಆಮೇಲೆ ಒಮ್ಮೆ ತೆರೆದು ತೋರಿಸಿ ಇನ್ನೊಂದು 5 ನಿಮಿಷ. ತೋರಿಸುವ ಮೊದಲು ನೂರಕ್ಕೆ 85, ತೋರಿಸಿದ ಮೇಲೆ 80 ಮಕ್ಕಳ ಕೈಯಲ್ಲಿ ಆಗದಿದ್ದರೆ ಮುಚ್ಚಳ ಪಾಸು. ಉಳಿದವರು ತೆರೆದಿರಬಹುದು! ಅದಕ್ಕೇ ಆ ಪರೀಕ್ಷೆಯವರು ‘ಪ್ರೂಫ್’ (ಪೂರ್ತಿ ತಡೆಯುವಂಥದು) ಎನ್ನದೆ ‘ರೆಸಿಸ್ಟೆಂಟ್’ (ಸುಲಭಕ್ಕೆ ಬಗ್ಗದಂಥದು) ಎನ್ನುತ್ತಾರೆ.

ನನ್ನ ಮಗಳಿಗೆ ಆಗ ಮೂರು ತುಂಬಿರಲಿಲ್ಲ. ನಾನು ತೆಗೆಯುವುದನ್ನು ನೋಡಿ ನೋಡಿ ಕಲಿತಿದ್ದಳು: ಸೀಸೆಯನ್ನು ನೆಲಕ್ಕೆ ಊರಿ, ಮುಚ್ಚಳದ ಮೇಲೆ ಎರಡೂ ಅಂಗೈ ಇಟ್ಟು, ಮಂಡಿಯೂರಿ ಮೈಭಾರವನ್ನೆಲ್ಲ ಬಿಟ್ಟು ತಿರುಗಿಸುತ್ತಿದ್ದಳು. ಕಟಕಟ ಸದ್ದು ಕೇಳಿ ಅಡುಗೆಮನೆಯಿಂದ ಓಡಿದೆ. ಸುರಕ್ಷಿತ ಮುಚ್ಚಳ ಅಲ್ಲವೇ ಎಂದು ಅದನ್ನು ಕೆಳಗಿನ ಅರೆಯಲ್ಲಿ ಇಟ್ಟವಳು ನಾನೇ. ಆದ್ದರಿಂದ ಮುಚ್ಚಳಕ್ಕೆ ಸುರಕ್ಷಿತವೂ ಬೇಡ, ಕಾಪೂ ಬೇಡ. ‘ಮಕ್ಕಳು ಸುಲಭವಾಗಿ ತೆರೆಯಲಾರದ ಮುಚ್ಚಳ’ ಎನ್ನಿ. ಉದ್ದವಾದರೆ ಆಗಲಿ, ‘ಸುಲಭವಾಗಿ’ ಮಾತ್ರ ಬಿಡಬೇಡಿ.

ಮನೆಗೂ ನಾಮಪದ ಹುಡುಕಬೇಕಿಲ್ಲ. ಇಂಥ ಕಡೆ ಕನ್ನಡ ಕ್ರಿಯಾಪದದಿಂದಲೇ ಕೆಲಸ ತೆಗೆಯುತ್ತದೆ: ಕೈಗೆಟುಕದಂತೆ, ಬೀಳದಂತೆ, ತೂರದಂತೆ. ‘ಕಪಾಟು ಮಗುಚದಂತೆ ಗೋಡೆಗೆ ಬಿಗಿಯಿರಿ’ ಎಂದರೆ ಓದಿದವರು ಎದ್ದು ಹೋಗಿ ಬಿಗಿಯುತ್ತಾರೆ. ಇನ್ನೊಂದು ಮಾತು, ಎಲ್ಲ ಕಡೆಯೂ ‘ಮಗು’ ಎಂದೇ ಹಾಕಬೇಡಿ. ಬೋರಲು ಬೀಳುವ ಕೂಸಿಗೆ ಮಂಚದ ಅಂಚು ಅಪಾಯ. ಅಂಬೆಗಾಲಿಡುವ ಕೂಸಿಗೆ ನೆಲದ ಮೇಲಿನ ಗೋಲಿ, ನೀರಿರುವ ಬಕೆಟ್ಟು. ದಟ್ಟಡಿಯಿಡುವ ಕೂಸು ಮೇಜಿನ ಬಟ್ಟೆಯನ್ನೂ ಒಲೆಯ ಮೇಲಿನ ಬಾಣಲೆಯ ಹಿಡಿಯನ್ನೂ ಎಳೆಯುತ್ತದೆ. ಪದಗಳು ನಮ್ಮಲ್ಲಿ ಆಗಲೇ ಇವೆ.

* * *

ಬಹಳ ಉಪಕಾರವಾಯಿತು, ಮೇಡಂ. ‘ಬಟನ್ ಬ್ಯಾಟರಿ’ಯನ್ನು ಹಾಗೇ ಉಳಿಸಿದ್ದೇನೆ, ಪರವಾಗಿಲ್ಲವೇ?

* * *

ಪರವಾಗಿದೆ. ಗುಂಡಿ ಇರುವಾಗ ಬಟನ್ ಏಕೆ? ಒಂದೊಂದೇ ಪದವನ್ನು ಹೀಗೆಯೇ ಕಳೆದುಕೊಂಡೆವು.

* * *

ಕಳೆದುಕೊಂಡದ್ದೇನು? ಅಲಮಾರು ಪೋರ್ಚುಗೀಸಿನದು, ಮೇಜು ಪಾರಸಿಯದು. ಅವನ್ನು ಹೊರಗೆ ಹಾಕಿದರೆ ಈ ಕರಪತ್ರ ಹೇಳುವ ಮನೆಯಲ್ಲಿ ಸಾಮಾನೇ ಉಳಿಯುವುದಿಲ್ಲ. ಅಷ್ಟನ್ನು ಅರಗಿಸಿಕೊಂಡವರಿಗೆ ಸಂಸ್ಕೃತದ ‘ಸುರಕ್ಷಿತ’ ಮಾತ್ರ ಏಕೆ ಗಂಟಲಲ್ಲಿ ನಿಲ್ಲಬೇಕು?

* * *

ಗಂಟಲಲ್ಲಿ ನಿಲ್ಲುವುದು ಆ ಬ್ಯಾಟರಿ, ಸರ್. ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಗಂಭೀರವಾಗಿ ಸುಡಬಲ್ಲದು. ಗುಂಡಿ ಎಂದರೆ ಅಂಗಿಯದೋ ಹಳ್ಳವೋ ಎಂದು ತಾಯಿ ಬಿಡಿಸಿಕೊಳ್ಳುತ್ತಾ ಕೂರಬಾರದು. ‘ವಾಚು, ರಿಮೋಟಿಗೆ ಹಾಕುವ ಬಿಲ್ಲೆಯಂಥ ಸೆಲ್’ ಎಂದು ಬರೆಯಿರಿ, ಪಕ್ಕದಲ್ಲಿ ಚಿತ್ರ ಹಾಕಿಸಿ. ನುಂಗಿರಬಹುದೆಂಬ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು ಎಂಬ ಸಾಲು ದಪ್ಪಕ್ಷರದಲ್ಲಿರಲಿ.

* * *

ಹಾಗೇ ಬರೆದೆ. ತಲೆಬರಹ: ‘ಪುಟ್ಟ ಮಕ್ಕಳಿಗೆ ಅಪಾಯವಾಗದಂತೆ ಮನೆಯನ್ನು ಅಣಿಗೊಳಿಸಿ’. ಕೊನೆಯದೊಂದು ಅನುಮಾನ. ದಟ್ಟಡಿ ಎಲ್ಲ ಕಡೆಯವರಿಗೂ ತಿಳಿದೀತೇ? ನಮ್ಮ ಮನೆಯಲ್ಲಿ ತಪ್ಪುಹೆಜ್ಜೆ ಎನ್ನುತ್ತೇವೆ.

* * *

ತಪ್ಪುಹೆಜ್ಜೆ ಮಾತಿಗೆ ಚೆಂದ, ಅಚ್ಚಿನಲ್ಲಿ ಬೇರೆ ಅರ್ಥ ಕೊಟ್ಟೀತು. ‘ಆಗತಾನೇ ನಡೆಯಲು ಕಲಿತ ಮಗು’ ಎಂದು ಬಿಡಿಸಿ ಬರೆಯಿರಿ.