ಮಂಗಳೂರಿನ ಪಣಂಬೂರು ಬಂದರಿಗೆ ಕಂಟೈನರ್ ಹೊಡೆಯುವ ಡ್ರೈವರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಅಣ್ಣಾ, ನಾನು ಸುರತ್ಕಲ್‌ನವನು. ಈಗ ಟಿಪ್ಪರ್‌ನಲ್ಲಿ ಜಲ್ಲಿ ಹೊಡೆಯುತ್ತೇನೆ. ಕಂಟೈನರ್ ಟ್ರೈಲರ್‌ಗೆ ಬಂದರೆ ದೊಡ್ಡ ವ್ಯತ್ಯಾಸ ಏನು? ಉದ್ದವಾ?

ಉತ್ತರ: ಉದ್ದ ಕೈಗೆ ಹತ್ತುತ್ತದೆ ಮಾರಾಯ. ತಿರುವಿನಲ್ಲಿ ಹಿಂದಿನ ಚಕ್ರ ಒಳಗೆ ಬರುತ್ತದೆ, ರಿವರ್ಸ್‌ನಲ್ಲಿ ಸ್ಟೇರಿಂಗ್ ಉಲ್ಟಾ. ಅಷ್ಟೇ. ಜಲ್ಲಿ ನಿನ್ನ ಕಣ್ಣೆದುರೇ ತುಂಬುತ್ತದೆ. ಕಂಟೈನರ್‌ಗೆ ಸೀಲ್ ಬಿದ್ದ ಮೇಲೆ ಒಳಗೆ ಹೇಗೆ ಜೋಡಿಸಿದ್ದಾರೆ ಅಂತ ನೋಡುವ ಹಾಗಿಲ್ಲ. ಕಷ್ಟ ಇರುವುದು ಅಲ್ಲಿ.

ಹಾಸನ ಕಡೆಯ ಕಾಫಿ ಆದರೆ 20 ಅಡಿಯ ಬಾಕ್ಸ್‌ಗೆ ಸಾಮಾನ್ಯವಾಗಿ 60 ಕೆಜಿಯ 320 ಚೀಲ, 19.2 ಟನ್. ಖಾಲಿ ಬಾಕ್ಸೇ ಎರಡು ಟನ್ ಮೇಲೆ. ಆದರೂ ಕಾಫಿ ಒಳ್ಳೆಯ ಲೋಡು, ಗೋಡೆಯಿಂದ ಗೋಡೆಗೆ ಕೂತಿರುತ್ತದೆ. ಯಂತ್ರ, ಕಲ್ಲಿನ ಚಪ್ಪಡಿ ಹಾಗಲ್ಲ. ತೂಕ ಎಲ್ಲ ಒಂದೇ ಕಡೆ. ಸರಿಯಾಗಿ ಕಟ್ಟದಿದ್ದರೆ ತಿರುವಿನಲ್ಲಿ ಸರಿಯುತ್ತದೆ, ಗಾಡಿಯನ್ನೂ ಮಲಗಿಸುತ್ತದೆ. ಹಾಗಾಗಿ ತುಂಬುವಾಗ ಕ್ಯಾಬಿನ್‌ನಲ್ಲಿ ನಿದ್ದೆ ಹೊಡೆಯಬೇಡ. ಬಾಗಿಲು ಹಾಕುವ ಮೊದಲು ಒಮ್ಮೆ ಹಿಂದೆ ಹೋಗಿ ನೋಡು. ಸೀಲ್ ನಂಬರ್ ಕಾಗದದ ಜೊತೆ ತಾಳೆ ಮಾಡು. ಬಾಕ್ಸನ್ನು ಟ್ರೈಲರ್‌ಗೆ ಹಿಡಿದಿಡುವ ನಾಲ್ಕು ಮೂಲೆಯ ಲಾಕನ್ನೂ ಕೈಯಲ್ಲೇ ತಿರುಗಿಸಿ ನೋಡು.

ಪ್ರಶ್ನೆ: ಪಾರ್ಟಿಯವರು ತೂಕ ಕಡಿಮೆ ಬರೆದಿದ್ದರೆ?

ಉತ್ತರ: 2016ರ ಜುಲೈ 1ರಿಂದ ತೂಕ ಮಾಡಿ ತೋರಿಸದ ಕಂಟೈನರನ್ನು ಹಡಗಿಗೆ ಏರಿಸುವ ಹಾಗಿಲ್ಲ. ಅದು ಸರಕು ಕಳಿಸುವವರ ಜವಾಬ್ದಾರಿ. ಆದರೆ ಆ ನಿಯಮ ಇರುವುದು ಹಡಗಿನ ಸಲುವಾಗಿ. ಘಾಟಿಯಲ್ಲಿ ಬ್ರೇಕ್ ಒತ್ತುವವನು ನೀನು. ಅನುಮಾನ ಬಂದರೆ ಹೊರಡುವ ಊರಲ್ಲೇ ತೂಕ ಹಾಕಿಸು, ಚೀಟಿಯ ಒಂದು ಪ್ರತಿ ನಿನ್ನ ಹತ್ತಿರ ಇರಲಿ. ಮಾಲೀಕ ಗೊಣಗಿದರೆ ಗೊಣಗಲಿ.

ಪ್ರಶ್ನೆ: ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವುದು ಹೇಗೆ?

ಉತ್ತರ: ಸಕಲೇಶಪುರ ದಾಟಿ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಬೇಕು. ಆ ಲೋಡು ಹಾಕಿಕೊಂಡು ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ. ಮಧ್ಯದಲ್ಲಿ ವೇಗ ಏರಿದ ಮೇಲೆ ಗೇರ್ ಹುಡುಕಿದರೆ ಬೀಳುವುದಿಲ್ಲ, ಗಾಡಿ ನ್ಯೂಟ್ರಲ್‌ನಲ್ಲಿ ಓಡುತ್ತದೆ. ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡಲಿ. ಕಾಲಿನ ಬ್ರೇಕನ್ನು ಒತ್ತಿಯೇ ಹಿಡಿದರೆ ಚಕ್ರದ ಬ್ರೇಕ್ ಡ್ರಮ್ ಕಾಯುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಬ್ರೇಕ್ ಲೈನರ್ ಸುಟ್ಟ ವಾಸನೆ ಬಂತು ಅಂದರೆ ಅಗಲ ಇರುವ ಕಡೆ ನಿಲ್ಲಿಸು, ಚಹಾ ಕುಡಿ. ಡ್ರಮ್‌ಗೆ ನೀರು ಹೊಯ್ಯುವವರಿದ್ದಾರೆ, ಬಿರುಕು ಬಿಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಖಾಲಿ ಬಾಕ್ಸ್ ಇದ್ದರೆ ಧೈರ್ಯ ಜಾಸ್ತಿ ಬರುತ್ತದೆ, ಅದೂ ಮೋಸ. ಒದ್ದೆ ರಸ್ತೆಯಲ್ಲಿ ಹಗುರ ಟ್ರೈಲರ್‌ನ ಚಕ್ರ ಬೇಗ ಲಾಕ್ ಆಗಿ ಹಿಂಭಾಗ ಪಕ್ಕಕ್ಕೆ ಹೊರಳುತ್ತದೆ.

ಪ್ರಶ್ನೆ: ನಮ್ಮದು ಮಲ್ಪೆಯಲ್ಲಿ ಮೀನಿನ ವ್ಯಾಪಾರ. ರೀಫರ್ (ತಂಪಿನ) ಕಂಟೈನರ್‌ನಲ್ಲಿ ಹಾಕಿದ ಮೇಲೆ ಮೀನು ಫ್ರೀಜ್ ಆಗುತ್ತದೆ ಅಲ್ವಾ?

ಉತ್ತರ: ಇಲ್ಲ ಸರ್. ರೀಫರ್ ಇರುವ ತಂಪನ್ನು ಕಾಯುತ್ತದೆ, ಮೀನನ್ನು ಹೊಸದಾಗಿ ಗಟ್ಟಿ ಮಾಡುವುದಿಲ್ಲ. ಮೈನಸ್ 18 ಡಿಗ್ರಿಗೆ ಗಟ್ಟಿಯಾದ ಮೇಲೆಯೇ ತುಂಬಿಸಿ. ಚಾವಣಿವರೆಗೆ ತುರುಕಬೇಡಿ. ಒಳಗೆ ಕೆಂಪು ಗೆರೆ ಇರುತ್ತದೆ, ಅದರ ಮೇಲೆ ಗಾಳಿ ಓಡಾಡಬೇಕು. ದಾರಿಯಲ್ಲಿ ರೀಫರ್‌ಗೆ ಕರೆಂಟ್ ಕೊಡುವ ಜೆನ್‌ಸೆಟ್‌ನ ಡೀಸೆಲ್ ನಾವು ನೋಡಿಕೊಳ್ಳುತ್ತೇವೆ.

ಪ್ರಶ್ನೆ: ಸುರತ್ಕಲ್‌ನವನೇ ಮತ್ತೆ ಕೇಳುತ್ತಿದ್ದೇನೆ. ನನ್ನ ತಮ್ಮನಿಗೆ 19, ಅವನೂ ಬರಬಹುದಾ?

ಉತ್ತರ: ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ 20 ತುಂಬಿರಬೇಕು, ಅದಕ್ಕೂ ಮೊದಲು ಒಂದು ವರ್ಷ ಲೈಟ್ ಲೈಸೆನ್ಸ್ ಇರಬೇಕು. ಈಗ ಕಾರಿನದ್ದು ಮಾಡಿಸಲಿ. ಅಲ್ಲಿವರೆಗೆ ಯಾರದ್ದಾದರೂ ಟ್ರೈಲರ್‌ನಲ್ಲಿ ಕ್ಲೀನರ್ ಆಗಿ ಹೋಗಲಿ, ಹಗ್ಗ-ಲಾಕ್-ಕಾಗದ ಎಲ್ಲ ಅಲ್ಲೇ ಗೊತ್ತಾಗುತ್ತದೆ.