ಸಿ×ಆರ್ ರೋಬಸ್ಟಾ ಕಾಫಿ: ತೋಟದ ಬೀಜವನ್ನೇ ಹಾಕಿದರೆ ತಳಿ ಉಳಿಯುತ್ತಾ?

ಪ್ರಶ್ನೆ:
ಸಿ×ಆರ್ ತೋಟದಲ್ಲಿ ವರ್ಷವೂ ಗೊಂಚಲು ತುಂಬ ಕಾಯಿ ಕಚ್ಚುವ ನಾಲ್ಕೈದು ಗಿಡಗಳಿವೆ. ಅವುಗಳ ಹಣ್ಣನ್ನೇ ನರ್ಸರಿಗೆ ಹಾಕಿದರೆ ಅದೇ ಗುಣ ಬರುತ್ತಾ? ಅರೇಬಿಕಾ ಕಾಫಿಯ ಎಸ್.795 ತಳಿ ಹಾಗೆ ಹಾಕಿದರೆ ಬಹುಪಾಲು ತಾಯಿಯಂತೆಯೇ ಬರುತ್ತಲ್ಲ? ಇನ್ನೊಂದು, ಬೀಜ ಕೊಳ್ಳುವವರು ಕೆಫೀನ್, ಕ್ಲೋರೋಜೆನಿಕ್ ಆಮ್ಲ (ಕಾಫಿ ಬೀಜದಲ್ಲಿರುವ ಒಂದು ಬಗೆಯ ಆಮ್ಲ) ಎಷ್ಟಿದೆ ಅಂತ ಕೇಳ್ತಿದ್ದಾರೆ. ಗೊಬ್ಬರದಿಂದ ಅದನ್ನು ಏರಿಸಬಹುದಾ?

ಉತ್ತರ 1:
ಬರಲ್ಲ ಸರ್. ಅರೇಬಿಕಾಗೆ 44 ಕ್ರೋಮೋಸೋಮು, ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತೆ. ರೋಬಸ್ಟಾಗೆ 22, ಸ್ವಂತ ಪರಾಗ ಒಗ್ಗುವುದೇ ಇಲ್ಲ. ಗಾಳಿ, ಜೇನು ಎಲ್ಲಿಂದಲೋ ತಂದದ್ದೇ ಆಗಬೇಕು. ತಾಯಿ ಗೊತ್ತು, ತಂದೆ ಗೊತ್ತಿಲ್ಲ. ಅದರ ಮೇಲೆ ಸಿ×ಆರ್ ಅಂದರೆ ಕಾಂಜೆನ್ಸಿಸ್ ಎಂಬ ಇನ್ನೊಂದು ಕಾಫಿ ಜಾತಿ ಜೊತೆಗಿನ ರೋಬಸ್ಟಾ ಮಿಶ್ರತಳಿ, ಸಸಿಗಳು ಒಂದೊಂದು ಒಂದೊಂದು ಥರ ಏಳುತ್ತವೆ.

ಕಡ್ಡಿ ನೆಡಿ. 3ರಿಂದ 6 ತಿಂಗಳ ಹಸಿರು ಕಂಬಚಿಗುರು (ನೆಟ್ಟಗೆ ಮೇಲೇಳುವ ಚಿಗುರು) ತೆಗೆದು, ಒಂದು ಗಂಟು, ಒಂದು ಜೊತೆ ಎಲೆ ಇರುವಂತೆ ಸುಮಾರು 10 ಸೆಂ.ಮೀ. ತುಂಡು ಮಾಡಿ. ಎಲೆ ಅರ್ಧಕ್ಕೆ ಕತ್ತರಿಸಿ, ಇಲ್ಲದಿದ್ದರೆ ಬೇರು ಬರುವ ಮೊದಲೇ ನೀರು ಆರಿ ಬಾಡುತ್ತೆ. ಬುಡವನ್ನು ಬೇರು ಬರಿಸುವ ಐಬಿಎ ಹಾರ್ಮೋನಿನಲ್ಲಿ ಅದ್ದಿ, ಕಾಡುಮಣ್ಣು 6, ಮರಳು 3, ಕೊಟ್ಟಿಗೆ ಗೊಬ್ಬರ 1 ಪಾಲಿನ ಚೀಲಕ್ಕೆ ಊರಿ. ಪಾಲಿಥೀನ್ ಹೊದಿಕೆ, ನೆರಳು ಬೇಕೇಬೇಕು. ಮೂರ್ನಾಲ್ಕು ತಿಂಗಳಲ್ಲಿ ಬೇರು ಬಿಡುತ್ತೆ.

ಪ್ರಶ್ನೆ ಕೇಳಿದವರು:
ಅಡ್ಡರೆಂಬೆಯ ಕಡ್ಡಿ ಆಗಲ್ವಾ? ಅದು ಬೇಕಾದಷ್ಟಿದೆ.

ಉತ್ತರ 2:
ಬೇರು ಬರುತ್ತೆ, ಗಿಡ ಮೇಲೇಳಲ್ಲ. ಅಡ್ಡರೆಂಬೆ ಬೇರು ಬಿಟ್ಟ ಮೇಲೂ ಅಡ್ಡರೆಂಬೆಯೇ, ನೆಲದ ಮೇಲೆ ಹರಡಿಕೊಂಡಿರುತ್ತೆ.

ಅದಕ್ಕಿಂತ ದೊಡ್ಡ ತಪ್ಪು ಒಂದೇ ಗಿಡದ ಕಡ್ಡಿ ಇಡೀ ಬ್ಲಾಕಿಗೆ ಹಾಕೋದು. ಎಲ್ಲವೂ ಅದೇ ಗಿಡದ ನಕಲು ತಾನೇ? ಒಂದರ ಪರಾಗ ಇನ್ನೊಂದಕ್ಕೆ ಹಿಡಿಯಲ್ಲ, ಬ್ಲಾಸಮ್ ಬೆಳ್ಳಗೆ ಅರಳಿ ಕಾಯಿ ನಿಲ್ಲಲ್ಲ. ಒಟ್ಟಿಗೆ ಹೂ ಬಿಡುವ ನಾಲ್ಕೈದೂ ಗಿಡಗಳ ಕಡ್ಡಿಯನ್ನು ಸಾಲು ಸಾಲಾಗಿ ಬೆರೆಸಿ ನೆಡಿ.

ಉತ್ತರ 3:
ಕೆಫೀನ್ ವಿಷಯ. ಹಸಿ (ಹುರಿಯದ) ಬೀಜದ ಒಣತೂಕದಲ್ಲಿ ಅರೇಬಿಕಾ ಸುಮಾರು 1.2%, ರೋಬಸ್ಟಾ 2.2%. ಕ್ಲೋರೋಜೆನಿಕ್ ಆಮ್ಲಗಳು ಅರೇಬಿಕಾದಲ್ಲಿ 5.5–8%, ರೋಬಸ್ಟಾದಲ್ಲಿ 7–10%. ಈ ಅಂತರ ಜೀನಿನದ್ದು, ಗೊಬ್ಬರ ಸುರಿದು ದಾಟಿಸೋಕಾಗಲ್ಲ. ಅರೇಬಿಕಾ ಹುಟ್ಟಿದ್ದೇ ರೋಬಸ್ಟಾದ ಜಾತಿ ಮತ್ತು ಕೆಫೀನ್ ಕಡಿಮೆ ಇರುವ ಯೂಜೆನಿಯಾಯ್ಡಿಸ್ ಎಂಬ ಇನ್ನೊಂದು ಕಾಫಿ ಜಾತಿ ಕೂಡಿ.

ಕೊಳ್ಳುವವರು ಕೇಳ್ತಿರೋದು ಹಸಿ ಬೀಜದ ಅಂಕಿಯೋ ಹುರಿದ ಪುಡಿಯದ್ದೋ, ಮೊದಲು ಕೇಳಿ. ಹುರಿದರೆ ಕೆಫೀನ್ ಹೆಚ್ಚುಕಮ್ಮಿ ಹಾಗೇ ಉಳಿಯುತ್ತೆ, ಕ್ಲೋರೋಜೆನಿಕ್ ಆಮ್ಲ ಒಡೆದುಹೋಗುತ್ತೆ, ಕಪ್ಪಗೆ ಹುರಿದಷ್ಟೂ ಕಡಿಮೆ. ಪುಡಿಗೆ ಚಿಕೋರಿ ಬೆರೆತಿದ್ದರೆ ಲೆಕ್ಕವೇ ಬೇರೆ, ಅದರಲ್ಲಿ ಕೆಫೀನೇ ಇಲ್ಲ.