ನಿಕಾನ್ 80-400 ಡಿ, 70-300 ಎಎಫ್‌-ಪಿ, 200-500: ಡಿ5600ಕ್ಕೂ ಮುಂದಿನ ಫುಲ್ ಫ್ರೇಮ್‌ಗೂ ಯಾವುದು ಹೊಂದುತ್ತದೆ?

ಹಕ್ಕಿನೋಟ:
ಸದ್ಯದ ಬಾಡಿ ಡಿ5600, ಅಂದರೆ 24 ಮೆಗಾಪಿಕ್ಸೆಲ್ ಡಿಎಕ್ಸ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್). ಮುಂದೆ ಫುಲ್ ಫ್ರೇಮ್ ಝಡ್ (ನಿಕಾನ್‌ನ ಮಿರರ್‌ಲೆಸ್) ಬಾಡಿಗೆ ಹೋಗುವ ಯೋಚನೆಯಿದೆ. 24 ಮೆಗಾಪಿಕ್ಸೆಲ್‌ನದೋ 45ರದೋ ಇನ್ನೂ ತೀರ್ಮಾನವಾಗಿಲ್ಲ. ತೆಗೆಯುವುದು ಹೆಚ್ಚಾಗಿ ಹಕ್ಕಿಗಳನ್ನು, ಸುಮಾರು 20 ಮೀಟರ್ ದೂರದಿಂದ, ಕೈಯಲ್ಲಿ ಹಿಡಿದೇ. ಮನಸ್ಸಿನಲ್ಲಿರುವುದು ಮೂರು ಝೂಮ್ ಲೆನ್ಸ್ (ಅಂಕಿ ಮಿ.ಮೀ.ಯಲ್ಲಿ): ಸೆಕೆಂಡ್ ಹ್ಯಾಂಡ್ 80-400 ಡಿ ವಿಆರ್ (ವಿಆರ್ ಅಂದರೆ ಕೈನಡುಕ ತಡೆಯುವ ವ್ಯವಸ್ಥೆ), 70-300 ಎಎಫ್‌-ಪಿ (ಫುಲ್ ಫ್ರೇಮ್‌ನದು), 200-500 ಎಫ್/5.6. ಹಳೆಯ 80-400 ಇಂದಿನ ಸೆನ್ಸರ್‌ಗೆ ಸಾಲುತ್ತದೆಯೇ? ಡಿಎಕ್ಸ್‌ನಲ್ಲಿ ನೋಟದ ಅಗಲ ಕಿರಿದಾಗಿ 400 ಎಂಬುದು 600ರಂತೆ ಆಗುತ್ತದಲ್ಲ, ಫುಲ್ ಫ್ರೇಮ್‌ಗೆ ಹೋದರೆ ಆ ಲಾಭ ಕೈತಪ್ಪುತ್ತದೆಯೇ?

ತಿರುಪುಮೊಳೆ:
ಸೆನ್ಸರ್ ಮಾತು ಆಮೇಲೆ. ಮೊದಲು ಮೋಟಾರ್ ನೋಡಿ. 2000ದಲ್ಲಿ ಬಂದ 80-400 ಡಿ ಲೆನ್ಸ್‌ನೊಳಗೆ ಫೋಕಸ್ ಮೋಟಾರ್ ಇಲ್ಲ. ಬಾಡಿಯ ಮೌಂಟ್‌ನಲ್ಲಿರುವ ಸಣ್ಣ ಸ್ಕ್ರೂ ತಿರುಗಿಯೇ ಫೋಕಸ್ ಆಗಬೇಕು. ಡಿ5600ಯಲ್ಲಿ ಆ ಸ್ಕ್ರೂ ಇಲ್ಲ. ಹಳೆಯ ಲೆನ್ಸನ್ನು ಝಡ್ ಬಾಡಿಗೆ ಜೋಡಿಸುವ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲೂ ಇಲ್ಲ. ಹಾಗಾಗಿ ಇವತ್ತಿನ ಬಾಡಿಯಲ್ಲೂ ನಾಳೆಯ ಬಾಡಿಯಲ್ಲೂ ನಿಮಗೆ ಕೈಯಿಂದಲೇ ಫೋಕಸ್. ಕೂತ ಹಕ್ಕಿಗೆ ಹೇಗೋ ನಡೆದೀತು, ಹಾರುವ ಹಕ್ಕಿಗೆ ಆಗದ ಕೆಲಸ. ಡಿ7200, ಡಿ7500 ತರಹದ ಬಾಡಿ ಇದ್ದಿದ್ದರೆ ಮಾತು ಬೇರೆ.

ಉಳಿದೆರಡು ಲೆನ್ಸ್ ಡಿ5600ಯಲ್ಲೂ, ಎಫ್‌ಟಿಝಡ್ ಮೂಲಕ ಝಡ್‌ನಲ್ಲೂ ಆಟೋಫೋಕಸ್ ಮಾಡುತ್ತವೆ. ಇದನ್ನೇ ಓದುವ ಬೇರೆಯವರಿಗೆ ಒಂದು ಎಚ್ಚರಿಕೆ: ಹೊಸದೆಲ್ಲ ಹಳೆಯ ಬಾಡಿಗೆ ಕೂರುವುದಿಲ್ಲ. ಡಿ90, ಡಿ3000ದಂಥವುಗಳಲ್ಲಿ ಎಎಫ್‌-ಪಿ ಲೆನ್ಸ್ ಫೋಕಸ್ ಆಗುವುದೇ ಇಲ್ಲ. 200-500ರ ವಿದ್ಯುತ್‌ನಿಂದ ನಡೆಯುವ ಅಪರ್ಚರನ್ನೂ (ಬೆಳಕಿನ ಕಿಂಡಿ) ಅವು ನಡೆಸಲಾರವು.

ಪಿಕ್ಸೆಲ್ ಲೆಕ್ಕ:
'400 ಎಂದರೆ 600' ಎಂಬುದನ್ನು ಬಿಟ್ಟುಬಿಡಿ, ಅದರಿಂದ ಗೊಂದಲವೇ ಹೆಚ್ಚು. ಹಕ್ಕಿಯ ಮೇಲೆ ಎಷ್ಟು ಪಿಕ್ಸೆಲ್ ಬೀಳುತ್ತವೆ ಎಂದು ಎಣಿಸಿ. 30 ಸೆಂ.ಮೀ. ಉದ್ದದ ಹಕ್ಕಿ 20 ಮೀಟರ್ ದೂರದಲ್ಲಿದ್ದರೆ, 400 ಮಿ.ಮೀ. ಲೆನ್ಸ್ ಅದನ್ನು ಸೆನ್ಸರ್ ಮೇಲೆ ಸುಮಾರು 6.1 ಮಿ.ಮೀ. ಉದ್ದಕ್ಕೆ ಮೂಡಿಸುತ್ತದೆ. ಸೆನ್ಸರ್ ದೊಡ್ಡದಿರಲಿ ಚಿಕ್ಕದಿರಲಿ, ಆ 6.1 ಬದಲಾಗದು. ಬದಲಾಗುವುದು ಪಿಕ್ಸೆಲ್ ಗಾತ್ರ: ನಿಮ್ಮ ಡಿಎಕ್ಸ್‌ನಲ್ಲಿ ಸುಮಾರು 3.9 ಮೈಕ್ರಾನ್, 24ರ ಫುಲ್ ಫ್ರೇಮ್‌ನಲ್ಲಿ 6, 45ರದ್ದರಲ್ಲಿ 4.35. ಹಾಗಾಗಿ ಅದೇ ಹಕ್ಕಿಗೆ ಕ್ರಮವಾಗಿ 1570, 1030, 1400 ಪಿಕ್ಸೆಲ್. 24ರ ಫುಲ್ ಫ್ರೇಮ್‌ಗೆ ಹೋದರೆ ನಷ್ಟ ನಿಜ. 45ಕ್ಕೆ ಹೋದರೆ ನಷ್ಟ ಅಲ್ಪ. 300 ಮಿ.ಮೀ.ಯನ್ನು ಡಿಎಕ್ಸ್‌ಗೆ ಹಾಕಿದರೂ 1170 ಸಿಗುತ್ತದೆ, ಅಂದರೆ 24ರ ಫುಲ್ ಫ್ರೇಮ್ ಮೇಲಿನ 400ಕ್ಕಿಂತ ಹೆಚ್ಚು.

ಹಳೆಯ ಲೆನ್ಸ್‌ನ ಮಬ್ಬು ಕಾಣುವುದೂ ಇದೇ ಲೆಕ್ಕದಲ್ಲಿ. ಲೆನ್ಸ್ ಒಂದು ಚುಕ್ಕೆಯನ್ನು 12 ಮೈಕ್ರಾನ್ ಅಗಲಕ್ಕೆ ಹರಡಿದರೆ 6 ಮೈಕ್ರಾನ್ ಸೆನ್ಸರ್‌ನಲ್ಲಿ ಅದು ಎರಡು ಪಿಕ್ಸೆಲ್, ನಿಮ್ಮದರಲ್ಲಿ ಮೂರು. 'ಫುಲ್ ಫ್ರೇಮ್ ಲೆನ್ಸ್, ಡಿಎಕ್ಸ್‌ನಲ್ಲಿ ನಡುಭಾಗ ಮಾತ್ರ ಬಳಕೆಯಾಗುತ್ತದೆ, ಇನ್ನೂ ಚೆನ್ನ' ಎಂಬ ಮಾತು ಅಂಚಿನ ಮಟ್ಟಿಗೆ ಸರಿ, ನಡುವಿನ ಚೂಪಿಗೆ ಸಲ್ಲದು. 80-400 ಡಿ 400ರಲ್ಲಿ ಅಪರ್ಚರ್ ಪೂರ್ತಿ ತೆರೆದಾಗ ಮೆತ್ತಗೆ. ಎಫ್/8ಕ್ಕೆ ಇಳಿಸಿದರೆ ಸುಧಾರಿಸುತ್ತದೆ, ಆದರೆ ಬೆಳಕು ಅರ್ಧವಾಗುವುದರಿಂದ ಐಎಸ್‌ಒ (ಸೆನ್ಸರ್‌ನ ಸಂವೇದನೆ) 800 ಇದ್ದದ್ದು 1600 ಆಗುತ್ತದೆ.

ಹಕ್ಕಿನೋಟ:
80-400 ಡಿ ಕೈಬಿಟ್ಟೆ. ಉಳಿದೆರಡರಲ್ಲಿ ತೂಕದ ಅಂತರ ಕಂಡು ಹೆದರಿಕೆ: 680 ಗ್ರಾಂ ಎದುರು 2.3 ಕೆ.ಜಿ. ಚಿತ್ರದಲ್ಲಿ ಅಷ್ಟು ಫರಕು ಇದೆಯೇ?

ಪಿಕ್ಸೆಲ್ ಲೆಕ್ಕ:
ಇದೆ. 500 ಮಿ.ಮೀ.ಯಲ್ಲಿ ಅದೇ ಹಕ್ಕಿಗೆ ನಿಮ್ಮ ಬಾಡಿಯಲ್ಲಿ 1970 ಪಿಕ್ಸೆಲ್. ಬೆಳಕೂ ಹೆಚ್ಚು: ಎಫ್/5.6ರಲ್ಲಿ 500ರ ತೆರಪಿನ ವ್ಯಾಸ 89 ಮಿ.ಮೀ., 300ರದ್ದು 54. ಹಕ್ಕಿಯಿಂದ ಬರುವ ಬೆಳಕು ಸುಮಾರು 2.8 ಪಟ್ಟು. ಎರಡನ್ನೂ ಹಕ್ಕಿಯಷ್ಟೇ ಕಾಣುವಂತೆ ಕತ್ತರಿಸಿ ಒಂದೇ ಅಳತೆಗೆ ತಂದಾಗ 300ರ ಚಿತ್ರದ ಕಾಳು (ನಾಯ್ಸ್) ಎದ್ದು ಕಾಣುವುದು ಇದಕ್ಕೇ. ಇನ್ನು ವಿಆರ್ ಎಷ್ಟೇ ಹೊಸದಿದ್ದರೂ ಕೈನಡುಕವನ್ನಷ್ಟೇ ತಡೆಯುತ್ತದೆ. ರೆಕ್ಕೆ ನಿಲ್ಲಬೇಕೆಂದರೆ ಶಟರ್ 1/1600 ಸೆಕೆಂಡ್‌ಗಿಂತ ವೇಗವಾಗಿಯೇ ಇರಬೇಕು.

ದಿನವಿಡೀ ನಡೆಯುವವರಿಗೆ 70-300, ಒಂದೆಡೆ ಕೂತು ಕಾಯುವವರಿಗೆ 200-500. ನೀವು ಹೇಳಿದ 20 ಮೀಟರ್‌ಗೆ ನನ್ನ ಮತ 200-500ಕ್ಕೆ. ಜೊತೆಗೆ ಒಂದು ಮಾನೊಪಾಡ್ ಇಟ್ಟುಕೊಳ್ಳಿ.

ತಿರುಪುಮೊಳೆ:
200-500 ಸೆಕೆಂಡ್ ಹ್ಯಾಂಡ್ ಸಿಕ್ಕರೆ ಹೀಗೆ ಪರೀಕ್ಷಿಸಿ. ಟ್ರೈಪಾಡ್ ಮೇಲಿಟ್ಟು ವಿಆರ್ ಆಫ್ ಮಾಡಿ, 500ರಲ್ಲಿ, ಎಫ್/5.6ರಲ್ಲಿ, 25 ಮೀಟರ್‌ಗಿಂತ ದೂರದ ಚೂಪಾದ ಒಂದು ವಸ್ತುವನ್ನು ನಡುವಿಗೆ ತಂದು ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ಲಾಕ್ ಮಾಡಿ. ಆಮೇಲೆ ಬಾಡಿ ತಿರುಗಿಸಿ ಅದೇ ವಸ್ತುವನ್ನು ನಾಲ್ಕು ಮೂಲೆಗಳಿಗೂ ಒಯ್ದು ಒಂದೊಂದು ಚಿತ್ರ ತೆಗೆಯಿರಿ. ಒಂದು ಮೂಲೆ ಮಾತ್ರ ಮಬ್ಬಾಗಿದ್ದರೆ ಒಳಗಿನ ಗಾಜು ವಾಲಿದೆ, ಬಿಟ್ಟುಬಿಡಿ. ಈ ಪರೀಕ್ಷೆಗೆ ಫುಲ್ ಫ್ರೇಮ್ ಬಾಡಿ ಎರವಲು ಸಿಕ್ಕರೆ ಒಳ್ಳೆಯದು. ಡಿಎಕ್ಸ್ ಅಂಚನ್ನು ಕತ್ತರಿಸುವುದರಿಂದ ದೋಷ ಅಡಗಿಕೊಳ್ಳುತ್ತದೆ, ಝಡ್‌ಗೆ ಹೋದ ದಿನ ಬಯಲಾಗುತ್ತದೆ. ಬಿಸಿಲೇರುವ ಮುಂಚೆಯೇ ಮಾಡಿ, ನೆಲದ ಝಳ ಎದ್ದರೆ ಎಂಥ ಲೆನ್ಸ್ ಆದರೂ ಮಬ್ಬೇ.

ಕೊನೆಗೆ ವ್ಯೂಫೈಂಡರ್‌ನಿಂದಲೂ ಫೋಕಸ್ ಮಾಡಿ ನೋಡಿ. ಲೈವ್ ವ್ಯೂನಲ್ಲಿ ಚೂಪಾಗಿ ಬಂದದ್ದು ಇಲ್ಲಿ ಪ್ರತಿ ಸಲವೂ ಹಿಂದಕ್ಕೋ ಮುಂದಕ್ಕೋ ಸರಿಯುತ್ತಿದ್ದರೆ, ಡಿ5600ಯಲ್ಲಿ ಎಎಫ್ ಫೈನ್ ಟ್ಯೂನ್ (ಆಟೋಫೋಕಸ್ ತಿದ್ದುಪಡಿ) ಇಲ್ಲದ ಕಾರಣ ನೀವೇ ಸರಿಪಡಿಸಿಕೊಳ್ಳಲಾಗದು. ಮಿರರ್‌ಲೆಸ್‌ನಲ್ಲಿ ಫೋಕಸ್ ಸೆನ್ಸರ್ ಮೇಲೆಯೇ ಆಗುವುದರಿಂದ ಆ ತೊಂದರೆ ಅಲ್ಲಿ ಬಹುಮಟ್ಟಿಗೆ ಇರುವುದಿಲ್ಲ.